ಹಾಲು ಬಿಡಿಸುವ ಮುನ್ನ: ಶಿಶು, ಅಲರ್ಜಿ ಮತ್ತು ನಮ್ಮ ನಂಬಿಕೆಗಳು

ಹಸುಗೂಸಿನ ಕೆನ್ನೆಯಲ್ಲಿ ನಾಲ್ಕು ಕೆಂಪು ಗುಳ್ಳೆ ಎದ್ದರೆ ಸಾಕು, ಮನೆಯಲ್ಲಿ ಮೂರು ತೀರ್ಪು ಹೊರಬೀಳುತ್ತವೆ. ಅಜ್ಜಿಗೆ ಅದು ದೃಷ್ಟಿ, ಪಕ್ಕದ ಮನೆಯವರಿಗೆ ನಂಜು, ಮೊಬೈಲಿನಲ್ಲಿ ಹುಡುಕಿ ನೋಡಿದ ಅಪ್ಪನಿಗೆ ಹಾಲಿನ ಅಲರ್ಜಿ. ತೀರ್ಪು ಯಾವುದೇ ಇರಲಿ, ಶಿಕ್ಷೆ ಒಂದೇ: ಬಾಣಂತಿಯ ಎಲೆಯಿಂದ ಒಂದಷ್ಟು, ಮಗುವಿನ ಬಾಯಿಂದ ಇನ್ನೊಂದಷ್ಟು ಕಡಿತ.

ಹಾಲಿನ ಅಲರ್ಜಿ ಸುಳ್ಳಲ್ಲ. ಅದು ಇರುವ ಮಗುವಿಗೆ ಒಂದು ಚಮಚ ಹಾಲೂ ಅಪಾಯವಾಗಬಹುದು. ಅದು ಇಲ್ಲದ ಮಗುವಿಗೆ ಸುಮ್ಮನೆ ಹಾಲು ಬಿಡಿಸುವುದೂ ಅಪಾಯವೇ. ನಾವು ಎರಡೂ ಕಡೆ ತಪ್ಪುತ್ತೇವೆ; ನಿಜವಾದ ಅಲರ್ಜಿಯನ್ನು ಅಭ್ಯಾಸವಾದರೆ ಸರಿಹೋಗುತ್ತದೆ ಎಂದು ತಳ್ಳಿಹಾಕುತ್ತೇವೆ, ಮಾಮೂಲಿ ಅಳುವನ್ನು ಅಲರ್ಜಿ ಎಂದು ಕರೆಯುತ್ತೇವೆ. ಹಾಲು ಬಿಡಿಸುವುದೂ ಒಂದು ಚಿಕಿತ್ಸೆ. ಆದ್ದರಿಂದ ಅದಕ್ಕೊಂದು ಕಾರಣ ಬೇಕು, ಅವಧಿ ಬೇಕು, ಬಿಟ್ಟದ್ದರ ಬದಲಿಗೆ ಏನು ಎಂಬ ಉತ್ತರವೂ ಬೇಕು. ಈ ಮೂರೂ ಇಲ್ಲದೆ ನಾವು ನಂಬಿಕೊಂಡು ಬಂದ ಕೆಲವು ಮಾತುಗಳನ್ನು ಒಂದೊಂದಾಗಿ ನೋಡೋಣ.

ತಪ್ಪು ಕಲ್ಪನೆ 1: ಹಾಲು ಅಲರ್ಜಿ ಎಂದರೂ ಒಂದೇ, ಹಾಲು ಅರಗುವುದಿಲ್ಲ ಎಂದರೂ ಒಂದೇ.

ವಾಸ್ತವ: ಎರಡಕ್ಕೂ ಸಂಬಂಧವೇ ಇಲ್ಲ. ಅಲರ್ಜಿ ಬರುವುದು ಹಾಲಿನ ಪ್ರೋಟೀನಿನಿಂದ, ಮುಖ್ಯವಾಗಿ ಕೇಸಿನ್ ಮತ್ತು ಬೀಟಾ ಲ್ಯಾಕ್ಟೊಗ್ಲೋಬ್ಯುಲಿನ್ ಎಂಬವುಗಳಿಂದ. ಮಗುವಿನ ರೋಗನಿರೋಧಕ ವ್ಯವಸ್ಥೆ ಈ ಪ್ರೋಟೀನುಗಳನ್ನು ಶತ್ರು ಎಂದು ತಪ್ಪು ತಿಳಿದು ತಿರುಗಿಬೀಳುತ್ತದೆ. ಹಾಲು ಅರಗದಿರುವುದು ಹಾಲಿನ ಸಕ್ಕರೆಯಾದ ಲ್ಯಾಕ್ಟೋಸಿನಿಂದ. ಅದನ್ನು ಒಡೆಯುವ ಲ್ಯಾಕ್ಟೇಸ್ ಕಿಣ್ವ ಸಾಲದಿದ್ದಾಗ ಸಕ್ಕರೆ ದೊಡ್ಡ ಕರುಳಿನಲ್ಲಿ ಹುದುಗಿ ಹೊಟ್ಟೆ ಉಬ್ಬುತ್ತದೆ, ನೀರಾಗಿ ಭೇದಿಯಾಗುತ್ತದೆ. ಅದು ಹಿಂಸೆ, ಆದರೆ ಮೈಮೇಲೆ ದದ್ದು ಏಳುವುದಿಲ್ಲ, ಉಸಿರು ಕಟ್ಟುವುದಿಲ್ಲ. ಅಲರ್ಜಿಯಲ್ಲಿ ಇವೆರಡೂ ಆಗಬಹುದು.

ಎಳೆಗೂಸಿಗೆ ಹುಟ್ಟಿನಿಂದಲೇ ಲ್ಯಾಕ್ಟೋಸ್ ಆಗದಿರುವುದು ಅತ್ಯಂತ ಅಪರೂಪ. ಯಾಕೆಂದರೆ ತಾಯಿಹಾಲಿನಲ್ಲೇ ಸುಮಾರು ಶೇ 7ರಷ್ಟು ಲ್ಯಾಕ್ಟೋಸ್ ಇದೆ. ಹಸುವಿನ ಹಾಲಿನಲ್ಲಿ ಶೇ 5ಕ್ಕಿಂತ ಕಡಿಮೆ. ಅದನ್ನು ಅರಗಿಸುವ ಶಕ್ತಿಯೊಂದಿಗೇ ಮಗು ಹುಟ್ಟುತ್ತದೆ. ದಕ್ಷಿಣ ಭಾರತದ ನಮ್ಮಲ್ಲಿ ಹೆಚ್ಚಿನವರಿಗೆ ಬೆಳೆಯುತ್ತ ಹೋದಂತೆ ಈ ಕಿಣ್ವ ಕಡಿಮೆಯಾಗುತ್ತದೆ, ಆದರೆ ಅದು ಎಳೆಗೂಸಿನ ಕಥೆಯಲ್ಲ. ಜೋರಾದ ಭೇದಿಯ ನಂತರ ಕರುಳಿನ ಒಳಪದರ ಹಾಳಾಗಿ ಕೆಲವು ದಿನ, ಕೆಲವು ವಾರ ಲ್ಯಾಕ್ಟೋಸ್ ಒಗ್ಗದಿರಬಹುದು. ಪದರ ಮತ್ತೆ ಬೆಳೆದಾಗ ಅದು ತಾನಾಗಿ ಸರಿಹೋಗುತ್ತದೆ. ಆ ದಿನಗಳಲ್ಲೂ ಎದೆಹಾಲು ನಿಲ್ಲಿಸಬೇಕಿಲ್ಲ.

ತಪ್ಪು ಕಲ್ಪನೆ 2: ಮಗು ಹಾಲು ಕಕ್ಕಿದರೆ, ಸಂಜೆಯಾದರೆ ಒಂದೇ ಸಮನೆ ಅತ್ತರೆ ಅದು ಹಾಲಿನ ಅಲರ್ಜಿ, ಇಲ್ಲವೆಂದರೆ ದೃಷ್ಟಿ.

ವಾಸ್ತವ: ಹೆಚ್ಚಿನ ಸಲ ಎರಡೂ ಅಲ್ಲ. ಅನ್ನನಾಳ ಮತ್ತು ಜಠರದ ನಡುವಿನ ಬಿಗಿತ ಎಳೆಗೂಸಿನಲ್ಲಿ ಇನ್ನೂ ಬಲಿತಿರುವುದಿಲ್ಲ. ಕುಡಿದ ಹಾಲು ಸ್ವಲ್ಪ ಮೇಲೆ ಬರುತ್ತದೆ. ನಾಲ್ಕನೇ ತಿಂಗಳ ಹೊತ್ತಿಗೆ ಇದು ಹೆಚ್ಚು, ವರ್ಷ ತುಂಬಿ ಸ್ವಲ್ಪ ದಿನಕ್ಕೆ ಬಹುಪಾಲು ಮಕ್ಕಳಲ್ಲಿ ನಿಲ್ಲುತ್ತದೆ. ತೂಕ ಏರುತ್ತಿದ್ದರೆ, ಮಗು ನಗುತ್ತಿದ್ದರೆ ಬಟ್ಟೆ ಒಗೆಯುವ ಕೆಲಸ ಬಿಟ್ಟು ಬೇರೆ ಚಿಂತೆ ಬೇಡ. ಅಳುವೂ ಹಾಗೆಯೇ. ಹುಟ್ಟಿದ ಕೆಲವು ವಾರದಲ್ಲಿ ಏರುತ್ತ ಹೋಗಿ, ಆರನೇ ವಾರದ ಸುಮಾರಿಗೆ ತುದಿ ಮುಟ್ಟಿ, ಮೂರು ನಾಲ್ಕು ತಿಂಗಳಿಗೆ ತಗ್ಗುತ್ತದೆ. ಸಂಜೆ ಹೊತ್ತು ಜಾಸ್ತಿ.

ದೃಷ್ಟಿ ತೆಗೆದ ಮೇಲೆ ಮಗು ಸುಮ್ಮನಾಯಿತಲ್ಲ ಎಂಬ ಪ್ರಶ್ನೆಗೆ ಉತ್ತರವೂ ಇದರಲ್ಲೇ ಇದೆ. ತಾನಾಗಿ ಇಳಿಯುವ ಅಳುವಿಗೆ ಇಳಿಯುವ ಹೊತ್ತಿನಲ್ಲಿ ಏನು ಮಾಡಿದರೂ ಅದಕ್ಕೇ ಕೀರ್ತಿ. ಉಪ್ಪು ಮೆಣಸಿನಕಾಯಿ ನಿವಾಳಿಸಿದರೆ ಅದಕ್ಕೆ, ಗ್ರೈಪ್ ವಾಟರ್ ಕುಡಿಸಿದರೆ ಅದಕ್ಕೆ, ತಾಯಿ ಹಾಲು ಮೊಸರು ಬಿಟ್ಟರೆ ಅದಕ್ಕೆ, ಡಬ್ಬಿ ಹಾಲಿನ ಬ್ರ್ಯಾಂಡ್ ಬದಲಿಸಿದರೆ ಅದಕ್ಕೆ. ದೃಷ್ಟಿಯನ್ನು ನಂಬುವವರನ್ನು ನೋಡಿ ನಗುವ ನಾವು ಡಬ್ಬಿ ಬದಲಿಸಿ ಅದೇ ತಪ್ಪು ಲೆಕ್ಕ ಹಾಕುತ್ತೇವೆ. ನಿವಾಳಿಸುವುದರಿಂದ ಮಗುವಿಗೆ ಕೆಡುಕಿಲ್ಲ. ಮೆಣಸಿನಕಾಯಿ ಹೊಗೆಯನ್ನು ಎಳೆಯ ಶ್ವಾಸಕೋಶದಿಂದ ದೂರವಿಡಬೇಕು, ಮತ್ತು ನಿಜವಾದ ಲಕ್ಷಣಗಳಿದ್ದಾಗ ಅದನ್ನೇ ನೆಚ್ಚಿ ಕೂರಬಾರದು, ಅಷ್ಟೆ.

ಆ ಲಕ್ಷಣಗಳು ಯಾವುವು? ತಕ್ಷಣದ ಅಲರ್ಜಿ ಹಾಲು ಹೊಟ್ಟೆಗೆ ಹೋದ ಕೆಲವು ನಿಮಿಷದಿಂದ ಎರಡು ಗಂಟೆಯೊಳಗೆ ಕಾಣುತ್ತದೆ: ಪಿತ್ತಗಂಧೆಯಂತಹ ದದ್ದು, ತುಟಿ ಕಣ್ಣಿನ ಊತ, ವಾಂತಿ, ಉಬ್ಬಸ. ನಿಧಾನದ ಅಲರ್ಜಿ ಕೆಲವು ಗಂಟೆಗಳಿಂದ ಕೆಲವು ದಿನಗಳ ನಂತರ ಕಾಣುತ್ತದೆ: ಮಲದಲ್ಲಿ ರಕ್ತದ ಎಳೆ ಮತ್ತು ಲೋಳೆ, ಬಿಡದ ಭೇದಿ, ಔಷಧಕ್ಕೆ ಬಗ್ಗದ ಇಸುಬು, ಏರದ ತೂಕ. ಹಾಲು ಕೊಟ್ಟ ಒಂದರಿಂದ ನಾಲ್ಕು ಗಂಟೆಯೊಳಗೆ ಮೇಲಿಂದ ಮೇಲೆ ವಾಂತಿಯಾಗಿ ಮಗು ಬಿಳಿಚಿಕೊಂಡು ಸೋತುಹೋಗುವ ಇನ್ನೊಂದು ಬಗೆಯೂ ಇದೆ. ಹಸಿರು ವಾಂತಿಯಾದರೆ ಅಲರ್ಜಿಯ ಲೆಕ್ಕಾಚಾರ ಬದಿಗಿಟ್ಟು ಆಗಲೇ ಆಸ್ಪತ್ರೆಗೆ ಓಡಬೇಕು. ಕರುಳಿಗೆ ತಡೆ ಬಿದ್ದಿರಬಹುದು.

ತಪ್ಪು ಕಲ್ಪನೆ 3: ಈಗಿನ ಮಕ್ಕಳಲ್ಲಿ ಹಾಲಿನ ಅಲರ್ಜಿ ಮನೆಮನೆಗೂ ಇದೆ.

ವಾಸ್ತವ: ಅನುಮಾನ ಮನೆಮನೆಗೂ ಇದೆ, ಅಲರ್ಜಿ ಇಲ್ಲ. ಯುರೋಪಿನ ಒಂಬತ್ತು ದೇಶಗಳಲ್ಲಿ 12 ಸಾವಿರ ಶಿಶುಗಳನ್ನು ಹುಟ್ಟಿನಿಂದ ಗಮನಿಸಿದ ಯುರೋಪ್ರಿವಾಲ್ ಅಧ್ಯಯನದಲ್ಲಿ, ಹಾಲು ಕೊಟ್ಟು ಪರೀಕ್ಷಿಸಿ ಖಚಿತಪಡಿಸಿಕೊಂಡ ಅಲರ್ಜಿ ಇದ್ದದ್ದು ಸುಮಾರು ಶೇ 0.5 ಮಕ್ಕಳಲ್ಲಿ. ಹಳೆಯ ಪಠ್ಯಪುಸ್ತಕಗಳ ಅಂದಾಜು ಶೇ 2ರಿಂದ 3. ಹೆಚ್ಚೆಂದರೂ ನೂರಕ್ಕೆ ಮೂರು ಮಕ್ಕಳು. ಹಾಗಿದ್ದೂ ಇಂಗ್ಲೆಂಡಿನಲ್ಲಿ ಈ ಅಲರ್ಜಿಗೆಂದು ಬರೆದುಕೊಡುವ ವಿಶೇಷ ಪುಡಿ ಹಾಲಿನ ಚೀಟಿಗಳು 2006ರಿಂದ 2016ರ ನಡುವೆ ವರ್ಷಕ್ಕೆ ಒಂದು ಲಕ್ಷದ ಆಸುಪಾಸಿನಿಂದ ಆರು ಲಕ್ಷ ದಾಟಿದವು. ಮಕ್ಕಳ ಮೈ ಹತ್ತು ವರ್ಷದಲ್ಲಿ ಅಷ್ಟು ಬದಲಾಗಲಿಲ್ಲ. ಅಳುವುದು, ಕಕ್ಕುವುದನ್ನೂ ಅಲರ್ಜಿಯ ಪಟ್ಟಿಗೆ ಸೇರಿಸುವ ರೂಢಿ ಬಂತು. ಆ ರೂಢಿಯ ಹಿಂದೆ ಪುಡಿ ಹಾಲಿನ ಕಂಪನಿಗಳ ಪ್ರಭಾವವೂ ಇದೆ ಎಂದು ಬ್ರಿಟಿಷ್ ಮೆಡಿಕಲ್ ಜರ್ನಲ್ 2018ರಲ್ಲಿ ವಿವರವಾಗಿ ಬರೆಯಿತು.

ನಮ್ಮಲ್ಲಿ ಎರಡು ವರ್ಷದೊಳಗಿನ ಮಕ್ಕಳ ಹಾಲಿನ ಪುಡಿ, ಶಿಶು ಆಹಾರ, ಹಾಲಿನ ಬಾಟಲಿಗಳ ಜಾಹೀರಾತನ್ನು 1992ರ ಕಾಯ್ದೆ ಮತ್ತು 2003ರ ತಿದ್ದುಪಡಿ ನಿಷೇಧಿಸಿವೆ. ಜಾಹೀರಾತು ನಿಂತ ಮಾತ್ರಕ್ಕೆ ಸಲಹೆ ನಿಲ್ಲುವುದಿಲ್ಲ; ಔಷಧದಂಗಡಿಯ ಕಟ್ಟೆಯಲ್ಲೇ ಡಬ್ಬಿ ಬದಲಿಸಿಕೊಂಡು ಬರುವವರು ನಾವೇ.

ತಪ್ಪು ಕಲ್ಪನೆ 4: ಅಲರ್ಜಿ ಇರುವ ಮಗುವಿಗೆ ತಾಯಿಹಾಲೂ ಆಗದು, ಎದೆ ಬಿಡಿಸಬೇಕು.

ವಾಸ್ತವ: ತಾಯಿಹಾಲಿನ ಸ್ವಂತ ಪ್ರೋಟೀನಿಗೆ ಮಗು ಹೀಗೆ ತಿರುಗಿಬೀಳುವುದಿಲ್ಲ. ಬೀಟಾ ಲ್ಯಾಕ್ಟೊಗ್ಲೋಬ್ಯುಲಿನ್ ಮನುಷ್ಯರ ಹಾಲಿನಲ್ಲಿ ಇಲ್ಲವೇ ಇಲ್ಲ. ತಾಯಿ ಕುಡಿದ ಹಸುವಿನ ಹಾಲಿನ ಪ್ರೋಟೀನು ಮಾತ್ರ ಅತಿ ಸೂಕ್ಷ್ಮ ಪ್ರಮಾಣದಲ್ಲಿ ಎದೆಹಾಲಿಗೆ ಇಳಿಯಬಹುದು, ಕೆಲವೇ ಮಕ್ಕಳಿಗೆ ಅಷ್ಟೂ ಹೆಚ್ಚಾಗುತ್ತದೆ. ಆಗ ಬಿಡಬೇಕಾದದ್ದು ತಾಯಿಯ ಊಟದ ಹಾಲು, ಮಗುವಿನ ಎದೆಹಾಲಲ್ಲ.

ಇದಕ್ಕೂ ಒಂದು ಕ್ರಮವಿದೆ. ವೈದ್ಯರ ಸಲಹೆಯಂತೆ ತಾಯಿ ಎರಡರಿಂದ ನಾಲ್ಕು ವಾರ ಹಾಲು, ಮೊಸರು, ಮಜ್ಜಿಗೆ, ಪನೀರ್, ಖೋವಾ ಬಿಡುತ್ತಾರೆ. ಲಕ್ಷಣ ಇಳಿದರೆ ಮತ್ತೆ ತಿಂದು ನೋಡುತ್ತಾರೆ. ಲಕ್ಷಣ ಮರಳಿ ಬಂದರೆ ಮಾತ್ರ ಅನುಮಾನ ಖಚಿತ. ಬಿಟ್ಟರೂ ಏನೂ ಬದಲಾಗದಿದ್ದರೆ ಹಾಲು ನಿರಪರಾಧಿ. ತಾಯಿ ಅಂದೇ ಮತ್ತೆ ಉಣ್ಣಬೇಕು. ಮತ್ತೆ ತಿಂದು ನೋಡುವ ಈ ಎರಡನೇ ಹೆಜ್ಜೆಯನ್ನೇ ನಾವು ಮರೆಯುವುದು. ತಿಂಗಳುಗಟ್ಟಲೆ ಹಾಲು ಬಿಟ್ಟ ಬಾಣಂತಿಗೆ ಯಾರೂ ಕ್ಯಾಲ್ಸಿಯಂ ಲೆಕ್ಕ ಕೇಳುವುದಿಲ್ಲ. ಹಾಲೂಡಿಸುವ ತಾಯಿಗೆ ದಿನಕ್ಕೆ 1,200 ಮಿಲಿಗ್ರಾಂ ಕ್ಯಾಲ್ಸಿಯಂ ಬೇಕು ಎನ್ನುತ್ತದೆ ಐಸಿಎಂಆರ್‌ನ 2020ರ ಶಿಫಾರಸು. ಹಾಲು ಬಿಟ್ಟವರಿಗೆ ಮಾತ್ರೆಯ ಆಸರೆ ಬೇಕಾಗುತ್ತದೆ.

ತಪ್ಪು ಕಲ್ಪನೆ 5: ಬಸುರಿನಲ್ಲಿ, ಬಾಣಂತನದಲ್ಲಿ ಮುಂಜಾಗ್ರತೆಗೆ ಹಾಲು ಮೊಸರು ಬಿಟ್ಟರೆ ಮಗುವಿಗೆ ಅಲರ್ಜಿ, ಶೀತ ಬರುವುದಿಲ್ಲ.

ವಾಸ್ತವ: ತಾಯಿ ಮುಂಚಿತವಾಗಿ ಪಥ್ಯ ಮಾಡಿದರೆ ಮಗುವಿನ ಅಲರ್ಜಿ ತಪ್ಪುತ್ತದೆ ಎಂಬುದಕ್ಕೆ ಆಧಾರ ಸಿಕ್ಕಿಲ್ಲ. ಅಲರ್ಜಿ ತಜ್ಞರ ಸಂಘಗಳು ಅಂತಹ ಪಥ್ಯವನ್ನು ಶಿಫಾರಸು ಮಾಡುವುದೂ ಇಲ್ಲ. ಬಾಣಂತಿ ಮೊಸರು ತಿಂದರೆ ಮಗುವಿಗೆ ಶೀತ ಎಂಬ ಮಾತೂ ಹಾಗೆಯೇ. ಶೀತ ತರುವುದು ವೈರಸ್. ಅದು ಬರುವುದು ಮಗುವನ್ನು ನೋಡಲು ಬಂದು ಮುತ್ತಿಟ್ಟು ಹೋಗುವ ನಮ್ಮಂಥವರ ಮೂಗಿನಿಂದ, ಬಾಣಂತಿಯ ಬಟ್ಟಲಿನಿಂದಲ್ಲ.

ತಪ್ಪು ಕಲ್ಪನೆ 6: ಹಸುವಿನ ಹಾಲು ಆಗದಿದ್ದರೆ ಆಡಿನ ಹಾಲು, ಕತ್ತೆ ಹಾಲು ಅಥವಾ ನಾಟಿ ಹಸುವಿನ ಎ2 ಹಾಲು ಕೊಟ್ಟರಾಯಿತು.

ವಾಸ್ತವ: ಇವು ಒಂದೊಂದಕ್ಕೂ ಬೇರೆ ಉತ್ತರ ಬೇಕು.

ಆಡಿನ ಹಾಲಿನ ಪ್ರೋಟೀನು ಹಸುವಿನ ಹಾಲಿನದಕ್ಕೆ ಎಷ್ಟು ಹತ್ತಿರವೆಂದರೆ, ಹಸುವಿನ ಹಾಲಿನ ಅಲರ್ಜಿ ಇರುವ ಹತ್ತರಲ್ಲಿ ಸುಮಾರು ಒಂಬತ್ತು ಮಕ್ಕಳಿಗೆ ಅದೂ ಆಗದು. ಎಮ್ಮೆ, ಕುರಿಯ ಹಾಲೂ ಅದೇ ಬಳಗ. ಮೇಲಾಗಿ ಆಡಿನ ಹಾಲಿನಲ್ಲಿ ಫೋಲಿಕ್ ಆಮ್ಲ ಬಹಳ ಕಡಿಮೆ. ಅದನ್ನೇ ಕುಡಿದು ಬೆಳೆದ ಶಿಶುಗಳಲ್ಲಿ ಕಾಣುವ ರಕ್ತಹೀನತೆಗೆ ವೈದ್ಯರು ಆಡಿನ ಹಾಲಿನ ಹೆಸರನ್ನೇ ಇಟ್ಟಿದ್ದಾರೆ.

ಕತ್ತೆ ಹಾಲಿನ ವಿಷಯ ಸ್ವಲ್ಪ ಬೇರೆ. ಕತ್ತೆಯನ್ನು ಹೊಡೆದುಕೊಂಡು ಬಂದು ಬಾಗಿಲಲ್ಲೇ ಕರೆದು ಒಳಲೆಗೆ ಹಾಕಿಕೊಡುವವರನ್ನು ನಮ್ಮ ಊರುಗಳಲ್ಲಿ ಈಗಲೂ ಕಾಣಬಹುದು. ಕೆಮ್ಮು, ಉಬ್ಬಸ ಬರದು, ಮಾತು ಬೇಗ ಬರುತ್ತದೆ ಎಂಬ ನಂಬಿಕೆ. ಕತ್ತೆ ಹಾಲಿನ ಪ್ರೋಟೀನು ಹಸುವಿನದಕ್ಕಿಂತ ಭಿನ್ನ ಎಂಬುದು ನಿಜ. ಇಟಲಿಯಲ್ಲಿ ಅಲರ್ಜಿ ಇರುವ ಮಕ್ಕಳಿಗೆ ಅದನ್ನು ಕೊಟ್ಟು ನೋಡಿದ್ದೂ ನಿಜ, ಹೆಚ್ಚಿನವರು ತಡೆದುಕೊಂಡರು. ಆದರೆ ಅಲ್ಲಿ ವೈದ್ಯರ ಕಣ್ಗಾವಲಿತ್ತು. ಕತ್ತೆ ಹಾಲಿನ ಕೊಬ್ಬು ತಾಯಿಹಾಲಿನ ಅರ್ಧಕ್ಕಿಂತ ಕಡಿಮೆ. ಅದೊಂದೇ ಕುಡಿದರೆ ಮಗುವಿಗೆ ಬೇಕಾದ ಶಕ್ತಿ ಸಿಗುವುದಿಲ್ಲ. ಬೀದಿಯಲ್ಲಿ ಕರೆದ ಹಸಿ ಹಾಲಿನಲ್ಲಿ ರೋಗಾಣುಗಳ ಅಪಾಯ ಬೇರೆ. ಉಬ್ಬಸವನ್ನೋ ಮಾತಿನ ವಿಳಂಬವನ್ನೋ ಅದು ಗುಣಪಡಿಸುತ್ತದೆ ಎಂಬುದಕ್ಕೆ ಸಾಕ್ಷ್ಯವಿಲ್ಲ. ಮಾತು ತಡವಾದ ಮಗುವಿಗೆ ಮೊದಲು ಆಗಬೇಕಾದದ್ದು ಕಿವಿಯ ಪರೀಕ್ಷೆ.

ಇನ್ನು ಎ2. ಮಲೆನಾಡು ಗಿಡ್ಡವೋ ಹಳ್ಳಿಕಾರೋ, ನಾಟಿ ತಳಿಗಳ ಹಾಲಿನ ಗುಣಗಾನ ಕೇಳಿ ನಮಗೆ ಹೆಮ್ಮೆಯಾಗುವುದು ಸಹಜ. ಆದರೆ ಎ1 ಮತ್ತು ಎ2 ನಡುವಿನ ವ್ಯತ್ಯಾಸ ಬೀಟಾ ಕೇಸಿನ್ ಎಂಬ ಒಂದು ಪ್ರೋಟೀನಿನ 209 ಅಮೈನೊ ಆಮ್ಲಗಳಲ್ಲಿ 67ನೇ ಸ್ಥಾನದಲ್ಲಿರುವ ಒಂದೇ ಒಂದರದ್ದು. ಉಳಿದ ಕೇಸಿನ್, ಬೀಟಾ ಲ್ಯಾಕ್ಟೊಗ್ಲೋಬ್ಯುಲಿನ್ ಎಲ್ಲ ಅಲ್ಲೇ ಇವೆ. ಅಲರ್ಜಿ ಇರುವ ಮಗುವಿಗೆ ಎ2 ಹಾಲು ಎಂದರೆ ಹೆಚ್ಚು ಬೆಲೆಯ ಅದೇ ಹಾಲು.

ತಪ್ಪು ಕಲ್ಪನೆ 7: ಚೆನ್ನಾಗಿ ಕುದಿಸಿದರೆ, ಹೆಪ್ಪು ಹಾಕಿದರೆ ಅಲರ್ಜಿಯ ಅಂಶ ಹೋಗುತ್ತದೆ. ತುಪ್ಪಕ್ಕಂತೂ ಭಯವೇ ಇಲ್ಲ.

ವಾಸ್ತವ: ಕುದಿಸಿದರೆ ರೋಗಾಣು ಸಾಯುತ್ತವೆ, ಕೇಸಿನ್ ಸಾಯುವುದಿಲ್ಲ, ಅದು ಬಿಸಿಗೆ ಬಗ್ಗದ ಪ್ರೋಟೀನು. ಹೆಪ್ಪು ಹಾಕಿದಾಗ ಲ್ಯಾಕ್ಟೋಸಿನ ಒಂದು ಭಾಗ ಕರಗಿ ಹುಳಿಯಾಗುತ್ತದೆ. ಹಾಗಾಗಿ ಲ್ಯಾಕ್ಟೋಸ್ ಒಗ್ಗದ ದೊಡ್ಡವರು ಮೊಸರನ್ನು ಸುಲಭವಾಗಿ ತಿನ್ನುತ್ತಾರೆ. ಪ್ರೋಟೀನು ಮಾತ್ರ ಮೊಸರಿನಲ್ಲೂ ಮಜ್ಜಿಗೆಯಲ್ಲೂ ಪೂರ್ತಿ ಉಳಿಯುತ್ತದೆ. ಒಬ್ಬರ ಅನುಭವ ಇನ್ನೊಬ್ಬರಿಗೆ ಸಲಹೆಯಾಗಿ ಅನಾಹುತವಾಗುವುದು ಇಲ್ಲೇ. ತುಪ್ಪ ಬಹುಮಟ್ಟಿಗೆ ಕೊಬ್ಬು. ಆದರೂ ಕಾಯಿಸಿ ಸೋಸುವಾಗ ಪ್ರೋಟೀನಿನ ಅಲ್ಪಾಂಶ ಉಳಿಯಬಹುದು. ತೀವ್ರ ಅಲರ್ಜಿ ಇರುವ ಮಗುವಿಗೆ ವೈದ್ಯರನ್ನು ಕೇಳದೆ ಕೊಡಬಾರದು.

ಒಂದು ವಿಚಿತ್ರವೂ ಇದೆ. ಮೈದಾ ಹಿಟ್ಟಿನೊಂದಿಗೆ ಕಲಸಿ ಹೆಚ್ಚು ಉರಿಯಲ್ಲಿ ಬಹುಹೊತ್ತು ಬೇಯಿಸಿದ ಕೇಕಿನಲ್ಲಿರುವ ಹಾಲನ್ನು ಅಲರ್ಜಿ ಇರುವ ಮಕ್ಕಳಲ್ಲಿ ಮುಕ್ಕಾಲು ಪಾಲು ತಡೆದುಕೊಳ್ಳುತ್ತಾರೆ ಎಂದು 2008ರ ಒಂದು ಅಮೆರಿಕನ್ ಅಧ್ಯಯನ ತೋರಿಸಿತು. ಉಳಿದ ಕಾಲು ಪಾಲಿನಲ್ಲಿ ಕೆಲವರಿಗೆ ಪ್ರತಿಕ್ರಿಯೆ ಜೋರಾಗಿತ್ತು. ಆದ್ದರಿಂದ ಇದು ಆಸ್ಪತ್ರೆಯಲ್ಲಿ ನೋಡಬೇಕಾದ ಪರೀಕ್ಷೆ, ಅಡುಗೆಮನೆಯಲ್ಲಿ ಮಾಡುವ ಪ್ರಯೋಗವಲ್ಲ.

ತಪ್ಪು ಕಲ್ಪನೆ 8: ಎದೆಹಾಲು ಸಾಲದಿದ್ದರೆ ಹಸುವಿನ ಹಾಲಿಗೆ ನೀರು ಬೆರೆಸಿ ಕೊಟ್ಟರೆ ತಾಯಿಹಾಲಿಗೆ ಸಮವಾಗುತ್ತದೆ.

ವಾಸ್ತವ: ನಮ್ಮಲ್ಲಿ ಎಷ್ಟೋ ಜನ ಹೀಗೇ ಬೆಳೆದಿದ್ದೇವೆ, ಆದರೆ ಬೆಳೆದವರನ್ನು ಮಾತ್ರ ಎಣಿಸಿ ಪದ್ಧತಿ ಸರಿ ಎನ್ನಲಾಗದು. ನೂರು ಮಿಲಿಲೀಟರ್ ತಾಯಿಹಾಲಿನಲ್ಲಿ ಸುಮಾರು ಒಂದು ಗ್ರಾಂ ಪ್ರೋಟೀನು, ಹಸುವಿನ ಹಾಲಿನಲ್ಲಿ ಮೂರಕ್ಕೂ ಮೇಲೆ. ಸೋಡಿಯಂ, ಪೊಟ್ಯಾಸಿಯಂ ಕೂಡ ಹೆಚ್ಚು. ಎಳೆಯ ಮೂತ್ರಪಿಂಡಕ್ಕೆ ಅದು ಹೊರೆ. ನೀರು ಬೆರೆಸಿದರೆ ಹೊರೆ ಇಳಿಯುತ್ತದೆ, ಜೊತೆಗೆ ಕೊಬ್ಬು, ಶಕ್ತಿ, ಜೀವಸತ್ವಗಳೂ ಇಳಿಯುತ್ತವೆ. ಹೊಟ್ಟೆ ತುಂಬುತ್ತದೆ, ಮೈ ತುಂಬುವುದಿಲ್ಲ. ಕಬ್ಬಿಣ ಮೊದಲೇ ಇಲ್ಲದಷ್ಟು ಕಡಿಮೆ. ಎಳೆಯ ಶಿಶುಗಳಲ್ಲಿ ಹಸುವಿನ ಹಾಲು ಕರುಳಿನಿಂದ ಕಣ್ಣಿಗೆ ಕಾಣದಷ್ಟು ರಕ್ತ ಸೋರುವಂತೆಯೂ ಮಾಡಬಹುದು.

ಆರು ತಿಂಗಳವರೆಗೆ ಎದೆಹಾಲು ಮಾತ್ರ. ಅದು ಸಾಧ್ಯವೇ ಆಗದಿದ್ದರೆ ವೈದ್ಯರು ಹೇಳಿದ ಶಿಶು ಪುಡಿ ಹಾಲು, ಡಬ್ಬಿಯ ಮೇಲಿನ ಅಳತೆಯಲ್ಲೇ. ಆರು ತಿಂಗಳ ನಂತರ ಎದೆಹಾಲು ಸಿಗದ ಮಗುವಿಗೆ ಪುಡಿ ಹಾಲು ಅಥವಾ ಪ್ರಾಣಿಯ ಹಾಲು ಎರಡರಲ್ಲೊಂದು ಕೊಡಬಹುದು ಎಂದು ವಿಶ್ವ ಆರೋಗ್ಯ ಸಂಸ್ಥೆ 2023ರಲ್ಲಿ ಹೇಳಿದೆ. ಹೆಚ್ಚಿನ ಮಕ್ಕಳ ತಜ್ಞರು ಹಸುವಿನ ಹಾಲನ್ನು ಮುಖ್ಯ ಪಾನೀಯವಾಗಿಸಲು ವರ್ಷ ತುಂಬಲಿ ಎನ್ನುತ್ತಾರೆ. ಅಲರ್ಜಿ ಇಲ್ಲದ ಮಗುವಿಗೆ ಆರು ತಿಂಗಳ ನಂತರ ಅನ್ನಕ್ಕೆ ಎರಡು ಚಮಚ ಮೊಸರು ಕಲಸಲು ಇದು ಅಡ್ಡಿಯಲ್ಲ.

ತಪ್ಪು ಕಲ್ಪನೆ 9: ಲ್ಯಾಕ್ಟೋಸ್ ಇಲ್ಲದ ಪುಡಿ, ಬಾದಾಮಿ ಹಾಲು, ರಾಗಿ ಹಾಲು, ಸೋಯಾ ಹಾಲು ಯಾವುದಾದರೂ ಅಲರ್ಜಿಗೆ ಪರಿಹಾರವೇ.

ವಾಸ್ತವ: ಲ್ಯಾಕ್ಟೋಸ್ ಇಲ್ಲದ ಪುಡಿಯಲ್ಲಿ ತೆಗೆದಿರುವುದು ಸಕ್ಕರೆಯನ್ನು, ಪ್ರೋಟೀನನ್ನಲ್ಲ. ಅಲರ್ಜಿಯ ಮಗುವಿಗೆ ಅದು ಹಾಲೇ. ಮೊದಲನೇ ಗೊಂದಲದ ಬೆಲೆ ತೆರುವುದು ಇಲ್ಲಿ. ಅಲರ್ಜಿಗೆ ಬೇಕಾದದ್ದು ಪ್ರೋಟೀನನ್ನು ಚೂರುಚೂರಾಗಿ ಒಡೆದ ಪುಡಿ. ಹತ್ತರಲ್ಲಿ ಒಂಬತ್ತು ಮಕ್ಕಳಿಗೆ ಅದು ಸಾಕು. ಉಳಿದವರಿಗೆ ಬರೀ ಅಮೈನೊ ಆಮ್ಲಗಳ ಪುಡಿ. ಅರೆಬರೆ ಒಡೆದ ಪ್ರೋಟೀನಿನ ಪುಡಿಗಳು ಅಲರ್ಜಿ ಇರುವ ಮಗುವಿಗೆ ಸುರಕ್ಷಿತವಲ್ಲ. ಚೂರುಚೂರಾಗಿ ಒಡೆದ ಪುಡಿ, ಅಮೈನೊ ಆಮ್ಲಗಳ ಪುಡಿ ಎರಡೂ ದುಬಾರಿ, ಎಲ್ಲ ಊರಲ್ಲೂ ಸಿಗುವುದಿಲ್ಲ. ಹಾಗಾಗಿ ಆರು ತಿಂಗಳ ನಂತರ ಸೋಯಾ ಶಿಶು ಪುಡಿಯನ್ನು ವೈದ್ಯರು ಸೂಚಿಸುವುದುಂಟು. ಹಾಲಿನ ಅಲರ್ಜಿಯ ಮಕ್ಕಳಲ್ಲಿ ನೂರಕ್ಕೆ ಹತ್ತು ಹದಿನೈದು ಮಂದಿಗೆ ಸೋಯಾ ಕೂಡ ಆಗದಿರಬಹುದು.

ಬಾದಾಮಿ, ಅಕ್ಕಿ, ತೆಂಗಿನಕಾಯಿ ಹಾಲುಗಳು ಬಣ್ಣದಲ್ಲಿ ಮಾತ್ರ ಹಾಲು. ಅಕ್ಕಿಯ ಪಾನೀಯವನ್ನೇ ಹಾಲೆಂದು ನಂಬಿ ಕುಡಿಸಿದ ಮಗುವೊಂದಕ್ಕೆ ಕ್ವಾಷಿಯೋರ್ಕರ್ ಎಂಬ ತೀವ್ರ ಪ್ರೋಟೀನ್ ಕೊರತೆ ಬಂದದ್ದನ್ನು ಅಮೆರಿಕದ ವೈದ್ಯರು 2001ರಲ್ಲಿ ದಾಖಲಿಸಿದರು. ಬರಗಾಲದ ನಾಡಿನ ರೋಗ, ತಿನ್ನಲು ಕೊರತೆಯಿಲ್ಲದ ದೇಶದಲ್ಲಿ. ರಾಗಿ ಸರಿ ಒಳ್ಳೆಯ ಆಹಾರ, ಆರು ತಿಂಗಳ ನಂತರ ಎದೆಹಾಲಿನ ಜೊತೆಗೆ, ಎದೆಹಾಲಿನ ಬದಲಿಗಲ್ಲ.

ತಪ್ಪು ಕಲ್ಪನೆ 10: ಒಂದು ರಕ್ತ ಪರೀಕ್ಷೆ ಮಾಡಿಸಿದರೆ ಅಲರ್ಜಿ ಇದೆಯೋ ಇಲ್ಲವೋ ಗೊತ್ತಾಗಿಬಿಡುತ್ತದೆ.

ವಾಸ್ತವ: ಐಜಿಇ ರಕ್ತ ಪರೀಕ್ಷೆ, ಚರ್ಮಕ್ಕೆ ಚುಚ್ಚಿ ನೋಡುವ ಪರೀಕ್ಷೆ ತಕ್ಷಣದ ಅಲರ್ಜಿಗೆ ಸುಳಿವು ಕೊಡುತ್ತವೆ, ತೀರ್ಪು ಕೊಡುವುದಿಲ್ಲ. ಪರೀಕ್ಷೆಯಲ್ಲಿ ಪಾಸಿಟಿವ್ ಬಂದೂ ಹಾಲು ಕುಡಿದು ಆರಾಮಾಗಿರುವ ಮಕ್ಕಳಿದ್ದಾರೆ. ನಿಧಾನದ ಅಲರ್ಜಿಯಲ್ಲಿ ಈ ಪರೀಕ್ಷೆಗಳು ನೆಗೆಟಿವ್ ಬರುವುದೇ ಹೆಚ್ಚು. ಐಜಿಜಿ ಪರೀಕ್ಷೆಯ ಹೆಸರಿನಲ್ಲಿ ನೂರಾರು ಆಹಾರಗಳ ಪಟ್ಟಿ ಕೊಡುವ ಪ್ಯಾಕೇಜುಗಳಂತೂ ವ್ಯರ್ಥ. ಐಜಿಜಿ ಇದೆ ಎಂದರೆ ಆ ಆಹಾರ ಹೊಟ್ಟೆಗೆ ಹೋಗಿದೆ ಎಂದಷ್ಟೇ ಅರ್ಥ. ಆಹಾರ ಅಲರ್ಜಿ ಪತ್ತೆಗೆ ಇದನ್ನು ಬಳಸಬೇಡಿ ಎಂದು ಯುರೋಪಿನ ಅಲರ್ಜಿ ತಜ್ಞರ ಸಂಘ 2008ರಲ್ಲೇ ಹೇಳಿತು. ಖಚಿತ ಮಾರ್ಗ ಹಳೆಯದೇ: ಹಾಲು ಬಿಟ್ಟು ನೋಡು, ಮತ್ತೆ ಕೊಟ್ಟು ನೋಡು. ತಕ್ಷಣದ ಅಲರ್ಜಿಯ ಅನುಮಾನವಿದ್ದರೆ ಮತ್ತೆ ಕೊಡುವುದು ಆಸ್ಪತ್ರೆಯಲ್ಲೇ ಆಗಬೇಕು.

ತಪ್ಪು ಕಲ್ಪನೆ 11: ದಿನಾ ಒಂದೊಂದು ಹನಿ ನೆಕ್ಕಿಸಿದರೆ ಅಭ್ಯಾಸವಾಗುತ್ತದೆ, ದೇವರ ಪಂಚಾಮೃತದಿಂದ ಕೆಡುಕಾಗುವುದುಂಟೇ?

ವಾಸ್ತವ: ರೋಗನಿರೋಧಕ ವ್ಯವಸ್ಥೆಗೆ ಪ್ರಸಾದ ಯಾವುದು, ಪೇಡ ಯಾವುದು ಎಂದು ಗೊತ್ತಾಗುವುದಿಲ್ಲ. ಪಂಚಾಮೃತದಲ್ಲಿ ಹಾಲು, ಮೊಸರು ಎರಡೂ ಇವೆ. ಜೇನೂ ಇದೆ, ವರ್ಷದೊಳಗಿನ ಯಾವ ಮಗುವಿಗೂ ಜೇನು ಕೊಡಬಾರದು. ಭಕ್ತಿಗೆ ಕುಂದಾಗದಂತೆ ಪ್ರಸಾದವನ್ನು ಮಗುವಿನ ಹಣೆಗೆ ಮುಟ್ಟಿಸಿ ತಾಯಿ ತಿನ್ನಬಹುದು. ಅಲ್ಪಸ್ವಲ್ಪ ಕೊಟ್ಟು ದೇಹವನ್ನು ಒಗ್ಗಿಸುವ ಚಿಕಿತ್ಸೆ ಇದೆ, ನಿಜ. ಅದು ತಜ್ಞರು ಮಿಲಿಗ್ರಾಂ ಲೆಕ್ಕದಲ್ಲಿ, ತುರ್ತು ಔಷಧ ಪಕ್ಕದಲ್ಲಿಟ್ಟುಕೊಂಡು ಮಾಡುವ ಕೆಲಸ.

ದದ್ದಿನ ಜೊತೆ ಉಬ್ಬಸ, ಧ್ವನಿ ಗೊಗ್ಗರಾಗುವುದು, ಮೇಲಿಂದ ಮೇಲೆ ವಾಂತಿ, ಮಗು ಬಿಳಿಚಿ ಜೋಲುವುದು ಕಂಡರೆ ಕ್ಷಣವೂ ತಡಮಾಡದೆ 108ಕ್ಕೆ ಕರೆ ಮಾಡಿ ಅಥವಾ ಹತ್ತಿರದ ಆಸ್ಪತ್ರೆಗೆ ಹೋಗಬೇಕು. ಜೀವ ಉಳಿಸುವುದು ತೊಡೆಯ ಸ್ನಾಯುವಿಗೆ ಕೊಡುವ ಅಡ್ರಿನಲಿನ್ ಚುಚ್ಚುಮದ್ದು. ಅಲರ್ಜಿ ಸಿರಪ್ ಅಲ್ಲ.

ತಪ್ಪು ಕಲ್ಪನೆ 12: ಮೊಟ್ಟೆ, ಕಡಲೆಕಾಯಿಯಂಥ ಅಲರ್ಜಿ ತರುವ ಆಹಾರಗಳನ್ನು ತಡವಾಗಿ ಕೊಟ್ಟಷ್ಟೂ ಕ್ಷೇಮ.

ವಾಸ್ತವ: ಇಲ್ಲಿ ಅಜ್ಜಿಯರನ್ನು ದೂರಬೇಕಿಲ್ಲ, ವೈದ್ಯರೂ ಹೀಗೇ ಹೇಳುತ್ತಿದ್ದರು. ಅಲರ್ಜಿಯ ಮನೆತನದ ಮಕ್ಕಳಿಗೆ ಹಾಲು ಒಂದು ವರ್ಷ, ಮೊಟ್ಟೆ ಎರಡು, ಕಡಲೆಕಾಯಿ ಮೂರು ವರ್ಷದ ಮೇಲೆ ಕೊಡಿ ಎಂದು ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿ 2000ದಲ್ಲಿ ಹೇಳಿತ್ತು. ಆಧಾರವಿಲ್ಲವೆಂದು 2008ರಲ್ಲಿ ಹಿಂತೆಗೆದುಕೊಂಡಿತು. 2015ರಲ್ಲಿ ಲಂಡನ್ನಿನ ಲೀಪ್ ಅಧ್ಯಯನ ಲೆಕ್ಕವನ್ನೇ ತಲೆಕೆಳಗು ಮಾಡಿತು. ಅಲರ್ಜಿಯ ಅಪಾಯ ಹೆಚ್ಚಿದ್ದ 640 ಶಿಶುಗಳಲ್ಲಿ ಅರ್ಧ ಜನಕ್ಕೆ ಕಡಲೆಕಾಯಿ ಬೇಗ ಕೊಟ್ಟರು, ಉಳಿದರ್ಧಕ್ಕೆ ಕೊಡಲಿಲ್ಲ. ಐದು ವರ್ಷವಾದಾಗ ಕೊಡದವರಲ್ಲಿ ಸುಮಾರು ಶೇ 17, ಕೊಟ್ಟವರಲ್ಲಿ ಸುಮಾರು ಶೇ 3 ಮಕ್ಕಳಿಗೆ ಅಲರ್ಜಿ. ಈಗಿನ ಸಲಹೆ: ಆರು ತಿಂಗಳ ಸುಮಾರಿಗೆ ಮೇಲಾಹಾರ ಶುರುವಾದ ಮೇಲೆ ಇವನ್ನೂ ಮೆತ್ತಗೆ ಮಾಡಿ, ಒಂದೊಂದಾಗಿ ಪರಿಚಯಿಸಿ. ತೀವ್ರ ಇಸುಬು ಇರುವ ಮಗುವಾದರೆ ಮೊದಲು ವೈದ್ಯರನ್ನು ಕೇಳಿ. ಇಡೀ ಕಡಲೆಕಾಯಿ ಬೀಜ ಮಾತ್ರ ಬೇಡ, ಗಂಟಲಲ್ಲಿ ಸಿಕ್ಕಿಕೊಳ್ಳುತ್ತದೆ.

ತಪ್ಪು ಕಲ್ಪನೆ 13: ಹಾಲಿಲ್ಲದೆ ಮಗು ಬೆಳೆಯದು, ಎಷ್ಟು ಕುಡಿದರೆ ಅಷ್ಟು ಒಳ್ಳೆಯದು.

ವಾಸ್ತವ: ಎರಡು ಮಾತೂ ಪೂರ್ತಿ ಸರಿಯಲ್ಲ. ಒಂದರಿಂದ ಮೂರು ವರ್ಷದ ಮಗುವಿಗೆ ದಿನಕ್ಕೆ 500 ಮಿಲಿಗ್ರಾಂ ಕ್ಯಾಲ್ಸಿಯಂ ಬೇಕು. ಒಂದು ಲೋಟ, ಅಂದರೆ 200 ಮಿಲಿಲೀಟರ್ ಹಾಲಿನಲ್ಲಿ ಸುಮಾರು 240 ಇದೆ. ನೂರು ಗ್ರಾಂ ರಾಗಿಯಲ್ಲಿ ಸುಮಾರು 364 ಇದೆ, ಆದರೆ ಪುಟ್ಟ ಮಗು ಒಂದು ಹೊತ್ತಿಗೆ ತಿನ್ನುವುದು ಮೂವತ್ತು ಗ್ರಾಂ ಹಿಟ್ಟಿನ ಸರಿ. ಅದರಲ್ಲಿ ಸಿಗುವುದು ನೂರರ ಆಸುಪಾಸು, ರಾಗಿಯ ಫೈಟೇಟಿನಿಂದ ಹೀರಿಕೆಯೂ ಕಡಿಮೆ. ಆದ್ದರಿಂದ ರಾಗಿಯೊಂದನ್ನೇ ನಂಬದೆ ಎಳ್ಳಿನ ಪುಡಿ, ಸೊಪ್ಪು, ಬೇಳೆ, ತಿನ್ನುವ ಮನೆಯಾದರೆ ಮೊಟ್ಟೆ ಮತ್ತು ಮುಳ್ಳು ಮೆತ್ತಗೆ ಬೇಯಿಸಿದ ಬೂತಾಯಿಯಂಥ ಮೀನು, ಬೇಕಾದರೆ ಕ್ಯಾಲ್ಸಿಯಂ ಔಷಧ, ಇವೆಲ್ಲ ಸೇರಬೇಕು. ಮೊದಲ ವರ್ಷದಲ್ಲಿ ಎಲ್ಲ ಶಿಶುಗಳಿಗೂ ಕೊಡುವ 400 ಐಯು ವಿಟಮಿನ್ ಡಿ ಹನಿಯನ್ನು ಅಲರ್ಜಿಯ ಮಗುವಿಗೂ ತಪ್ಪಿಸಬಾರದು.

ಇನ್ನು ಹೆಚ್ಚು ಹಾಲು. ಊಟ ಮಾಡುವುದಿಲ್ಲ, ಹಾಲಾದರೂ ಕುಡಿಯಲಿ ಎಂದು ನಾವು ಬಾಟಲಿ ಕೊಡುತ್ತೇವೆ. ಬಾಟಲಿ ಕುಡಿದದ್ದಕ್ಕೇ ಊಟ ಸೇರುವುದಿಲ್ಲ. ಹಾಲಿನಲ್ಲಿ ಕಬ್ಬಿಣ ಇಲ್ಲವೆನ್ನುವಷ್ಟು ಕಡಿಮೆ, ಅದರ ಕ್ಯಾಲ್ಸಿಯಂ ಮತ್ತು ಕೇಸಿನ್ ಬೇರೆ ಆಹಾರದ ಕಬ್ಬಿಣಕ್ಕೂ ಅಡ್ಡಬರುತ್ತವೆ. ವರ್ಷ ತುಂಬಿದ ಮಗುವಿಗೆ ದಿನಕ್ಕೆ ಅರ್ಧ ಲೀಟರ್ ಹಾಲು ಮಿತಿ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ ಐದು ವರ್ಷದೊಳಗಿನ ಮೂವರು ಮಕ್ಕಳಲ್ಲಿ ಸುಮಾರು ಇಬ್ಬರಿಗೆ ರಕ್ತಹೀನತೆ ಇದೆ. ಕಾರಣ ಹಾಲೊಂದೇ ಅಲ್ಲ, ಆದರೆ ಅತಿ ಹಾಲು ಅದಕ್ಕೆ ಮದ್ದಂತೂ ಅಲ್ಲ.

ತಪ್ಪು ಕಲ್ಪನೆ 14: ಹಾಲಿನ ಅಲರ್ಜಿ ಬಂದರೆ ಜೀವನಪೂರ್ತಿ.

ವಾಸ್ತವ: ಬಹುಪಾಲು ಮಕ್ಕಳು ಶಾಲೆಗೆ ಹೋಗುವ ವಯಸ್ಸಿಗೆ ಇದನ್ನು ಮೀರುತ್ತಾರೆ, ನಿಧಾನದ ಅಲರ್ಜಿಯವರು ಇನ್ನೂ ಬೇಗ. ಆದ್ದರಿಂದ ಆರು ತಿಂಗಳಿಂದ ಒಂದು ವರ್ಷಕ್ಕೊಮ್ಮೆ ವೈದ್ಯರ ಬಳಿ ಮರುಪರೀಕ್ಷೆ ಆಗಬೇಕು. ಅಲ್ಲಿಯವರೆಗೆ ಪೊಟ್ಟಣದ ಹಿಂಬದಿ ಓದುವ ಅಭ್ಯಾಸ ಬೇಕು. 2020ರ ನಿಯಮದಂತೆ ಹಾಲಿನ ಅಂಶವಿದ್ದರೆ ಅದನ್ನು ಪೊಟ್ಟಣದ ಮೇಲೆ ನಮೂದಿಸಲೇಬೇಕು. ವೇ, ಕೇಸಿನೇಟ್, ಹಾಲಿನ ಘನಾಂಶ ಎಂದಿದ್ದರೆ ಎಲ್ಲವೂ ಹಾಲೇ. ಮಗು ಅಂಗನವಾಡಿಗೆ ಸೇರಿದಾಗ ಕಾರ್ಯಕರ್ತೆಗೆ ಮೊದಲ ದಿನವೇ ಹೇಳಬೇಕು. 2013ರಿಂದ ರಾಜ್ಯ ಸರ್ಕಾರದ ಕ್ಷೀರಭಾಗ್ಯ ಯೋಜನೆಯ ಹಾಲು ಅಲ್ಲಿ ಎಲ್ಲ ಮಕ್ಕಳ ಲೋಟಕ್ಕೂ ಬರುತ್ತದೆ.

ಹಾಲಿನ ಮೇಲೆ ಅನುಮಾನ ಬಂದಾಗ ಮಾಡಬೇಕಾದದ್ದು ಇಷ್ಟು. ಏನು ಕುಡಿಯಿತು, ಎಷ್ಟು ಹೊತ್ತಿಗೆ ಏನಾಯಿತು ಎಂದು ಒಂದು ಹಾಳೆಯಲ್ಲಿ ಬರೆದಿಡಿ. ದದ್ದಿನ, ಮಲದ ಚಿತ್ರ ಮೊಬೈಲಿನಲ್ಲಿರಲಿ. ತಾಯಿ ಕಾರ್ಡಿನ ತೂಕದ ಗೆರೆ ನೋಡಿ. ಆಮೇಲೆ ವೈದ್ಯರನ್ನು ಮೂರು ಪ್ರಶ್ನೆ ಕೇಳಿ: ಯಾಕೆ ಬಿಡಿಸಬೇಕು, ಎಷ್ಟು ವಾರ, ಬದಲಿಗೆ ಏನು ಕೊಡಬೇಕು. ಮೂರಕ್ಕೂ ಉತ್ತರ ಸಿಕ್ಕಿದ ಮೇಲೆ ಹಾಲು ಬಿಡಿಸಿ. ಒಂದಕ್ಕೂ ಉತ್ತರವಿಲ್ಲದಿದ್ದರೆ ಬಾಣಂತಿಗೆ ಮೊಸರನ್ನ ಬಡಿಸಿ.